ಬರ್ಲಿ, ಬರ್ಲಿ... ಹೋಲ್ಡಾನ್!

ಕಾರಿನ ಎಡಗನ್ನಡಿ ಒಡೆದು ಇನ್ನೂ ಇಪ್ಪತ್ತನಾಲ್ಕು ಗಂಟೆ ಆಗಿಲ್ಲ. ಹಾಗಾಗಿ ಇಂಗ್ಲೆಂಡಿನ ಹಳ್ಳಿ, ಅದರ ಹುಲ್ಲುಮಾಡಿನ ಮನೆ, ಬಿಸ್ಕತ್ತಿನ ಡಬ್ಬದ ಮೇಲೆ ಅಚ್ಚು ಹಾಕುವಂಥ ಅದರ ಚಂದ, ಇವುಗಳ ಬಗ್ಗೆ ಇವತ್ತು ನನ್ನಿಂದ ಒಳ್ಳೆಯ ಮಾತು ಬರುವುದಿಲ್ಲ. ವಾರ ಕಳೆದು ಕೇಳಿ, ನೋಡೋಣ.

ಹಳ್ಳಿಯ ಹೆಸರು ವಿಡಿಕಂ ಇನ್ ದ ಮೂರ್. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಕೌಂಟಿಯಲ್ಲಿ ಡಾರ್ಟ್‌ಮೂರ್ ಅನ್ನುವ ಗ್ರಾನೈಟಿನ ಬೋಳುಗುಡ್ಡಗಳಿವೆ. ಅದರ ಮಡಿಲಿನ ಒಂದು ಕಣಿವೆಯಲ್ಲಿ ಒಂದು ಚರ್ಚು, ಸುತ್ತ ಹಿಡಿಯಷ್ಟು ಮನೆ. ಬೋವಿ ಟ್ರೇಸಿ ಪಟ್ಟಣದಿಂದ ಹೇಟರ್ ಬಂಡೆಯ ಪಕ್ಕದಲ್ಲಿ ಹಾದು ಬಂದರೆ ಗುಡ್ಡದ ನೆತ್ತಿಯಿಂದ ಕೆಳಗೆ ಚರ್ಚಿನ 120 ಅಡಿಯ ಗೋಪುರ ಕಾಣುತ್ತದೆ. ಎಲ್ಲರೂ ಅಲ್ಲಿ ನಿಂತು ಫೋಟೋ ತೆಗೆಯುತ್ತಾರೆ. ತೆಗೆಯಲಿ ಪಾಪ. ಮುಂದಿನ ಒಂದು ಗಂಟೆ ಅವರ ಎರಡು ಕೈಗೂ ಸ್ಟೀರಿಂಗ್ ಬಿಟ್ಟು ಬೇರೆ ಕೆಲಸ ಇರುವುದಿಲ್ಲ.

ತೊಂದರೆ ಇರುವುದು ಹಳ್ಳಿಯಲ್ಲಲ್ಲ, ಹಳ್ಳಿಯ ಸುತ್ತಲಿನ ಓಣಿಗಳಲ್ಲಿ. ಓಣಿ ಅಂದರೆ ಏನೆಂದು ಮಲೆನಾಡಿನವರಿಗೂ ಕರಾವಳಿಯವರಿಗೂ ಬಿಡಿಸಿ ಹೇಳಬೇಕಿಲ್ಲ. ಎರಡೂ ಬದಿಗೆ ಎತ್ತರದ ಧರೆ, ನಡುವೆ ಕುಸಿದು ಹೋದ ದಾರಿ, ಮೇಲೆ ಗಿಡಗಳ ಚಪ್ಪರ. ಅದಕ್ಕೆ ಡಾಂಬರು ಹಾಕಿ, ನಡುವೆ ಉದ್ದಕ್ಕೂ ಒಂದು ಗೆರೆ ಹುಲ್ಲು ಬೆಳೆಯಲು ಬಿಟ್ಟು, ಇದು ರಸ್ತೆ ಅಂತ ನಕ್ಷೆಯಲ್ಲಿ ಬರೆದರೆ ಡೆವನ್ ಆಯಿತು. ಅಗಲ ಎರಡೂವರೆ ಮೀಟರು, ಕೆಲವು ಕಡೆ ಅದೂ ಇಲ್ಲ. ಕನ್ನಡಿ ಬಿಚ್ಚಿಕೊಂಡು ನಿಂತ ಸಾಧಾರಣ ಕಾರಿನ ಅಗಲ ಎರಡು ಮೀಟರಿನ ಆಸುಪಾಸು. ಉಳಿದದ್ದನ್ನು ಎರಡು ಬದಿಗೆ ಹಂಚಿದರೆ ಒಂದೊಂದು ಬದಿಗೆ ಒಂದು ಗೇಣು. ಆ ಗೇಣಿನಲ್ಲಿ ಅರ್ಧವನ್ನು ಮೇ ತಿಂಗಳ ಹೂಗಿಡಗಳು ನುಂಗಿರುತ್ತವೆ.

ಹೂವು ನೋಡಿ ಮೋಸ ಹೋಗುವವರೇ ಹೆಚ್ಚು. ಮೆತ್ತಗೆ ಹಸಿರಾಗಿದೆ, ತುಸು ಒರಗಿದರೇನಾಯಿತು ಅನ್ನಿಸುತ್ತದೆ. ಡೆವನ್ನಿನ ಬೇಲಿ ನಮ್ಮ ಮುಳ್ಳುಬೇಲಿಯಂಥದಲ್ಲ. ಅದು ಮಣ್ಣಿನ ಏರಿ, ಏರಿಯ ಮೈಗೆ ಕಟ್ಟಿದ ಕಲ್ಲು, ತಲೆಯ ಮೇಲೆ ನೆಟ್ಟ ಹೇಜಲ್ ಮತ್ತು ಹಾಥಾರ್ನ್ ಗಿಡ. ಹಲವು ಏರಿಗಳಿಗೆ ಆರೇಳು ನೂರು ವರ್ಷ ವಯಸ್ಸು. ಅಷ್ಟು ವರ್ಷದ ಹುಲ್ಲು, ಪಾಚಿ, ಜರಿಗಿಡ ಎಲ್ಲ ಕಲ್ಲನ್ನು ಮುಚ್ಚಿ ಹಾಸಿಗೆಯ ಹಾಗೆ ಕಾಣುವಂತೆ ಮಾಡಿವೆ. ಒರಗಿದಾಗ ಮೊದಲು ಸುಯ್ಯೆಂದು ಹುಲ್ಲು ಸವರುವ ಸದ್ದು ಬರುತ್ತದೆ, ಆಮೇಲೆ ಟಪ್ ಅಂತ ಇನ್ನೊಂದು. ಎರಡನೆಯ ಸದ್ದಿಗೆ ದುಡ್ಡು ಬೀಳುತ್ತದೆ.

ಯಾಕೆ ಇಷ್ಟು ಕಿರಿದು ಅಂದರೆ, ಇವನ್ನು ಕಾರಿಗೆ ಇರಲಿ, ಗಾಡಿಗೂ ಮಾಡಿದ್ದಲ್ಲ. ಹದಿನೆಂಟನೇ ಶತಮಾನದ ಕೊನೆಯವರೆಗೂ ಡೆವನ್ನಿನ ಹಳ್ಳಿಗಾಡಿನಲ್ಲಿ ಚಕ್ರದ ಗಾಡಿ ಅಪರೂಪ. ಉಣ್ಣೆ, ಸುಣ್ಣ, ಗೊಬ್ಬರ, ಸೇಬು ಎಲ್ಲ ಕುದುರೆಯ ಬೆನ್ನ ಮೇಲೆ. ಹೇರು ಹೊತ್ತ ಕುದುರೆಗೆ ಎಷ್ಟು ಜಾಗ ಬೇಕೋ ಅಷ್ಟೇ ದಾರಿ. ಗೊರಸು ತುಳಿದು, ಮಳೆನೀರು ಕೊರೆದು, ದಾರಿ ಶತಮಾನಕ್ಕಿಷ್ಟು ಅಂತ ಕೆಳಗಿಳಿಯಿತು, ಹೊಲ ಮೇಲೇ ಉಳಿಯಿತು. ಹೊಲದ ಅಂಚು ಹೇಗೆ ಹೊರಳಿತೋ ಓಣಿಯೂ ಹಾಗೇ ಹೊರಳಿತು. ಎದುರಿನಿಂದ ಇನ್ನೊಂದು ಕುದುರೆ ಬಂದರೆ ಆ ಕಾಲದವರು ಏನು ಮಾಡುತ್ತಿದ್ದರೋ. ಕುದುರೆಗೆ ರಿವರ್ಸ್ ಗೇರ್ ಇರಲಿಲ್ಲ. ಇತ್ತೀಚಿನ ಕೆಲವು ಚಾಲಕರನ್ನು ನೋಡಿದರೆ ಅವರ ಕಾರಿಗೂ ಇದ್ದಂತಿಲ್ಲ.

ಈಗ ಸರ್ಕಾರದ ತಮಾಷೆ ಕೇಳಿ. ಇಂಥ ಓಣಿಯ ಬಾಯಲ್ಲಿ ಬಿಳಿಯ ದುಂಡು ಫಲಕ, ಅದರ ಮೇಲೆ ಓರೆಯಾಗಿ ಒಂದು ಕಪ್ಪು ಪಟ್ಟಿ. ಅಂದರೆ ರಾಷ್ಟ್ರೀಯ ವೇಗಮಿತಿ, ಗಂಟೆಗೆ 60 ಮೈಲಿ, ನಮ್ಮ ಲೆಕ್ಕದಲ್ಲಿ 96 ಕಿಲೋಮೀಟರು. ಡಾರ್ಟ್‌ಮೂರಿನ ಮೇಲ್ಬಯಲಿನಲ್ಲಿ, ಮೈಲಿಗಟ್ಟಲೆ ದೂರ ಕಾಣುವ ಎಷ್ಟೋ ರಸ್ತೆಗಳಿಗೆ, ಅಲೆಯುವ ಕುರಿ-ಕುದುರೆಗಳ ದೆಸೆಯಿಂದ 40 ಮೈಲಿಯ ಮಿತಿ. ಹತ್ತು ಅಡಿ ಮುಂದೇನಿದೆ ಎಂದು ಕಾಣದ ಓಣಿಗೆ 60. ಫಲಕ ನೋಡಿ ಹಾಗೆ ಓಡಿಸಿದವನು ಎರಡನೇ ತಿರುವಿನಾಚೆ ಟ್ರ್ಯಾಕ್ಟರಿನ ಮುಂದಿನ ಕೊಂಬಿನಲ್ಲಿ ಒಂದು ಹುಲ್ಲಿನ ಉಂಡೆಯನ್ನು ಭೇಟಿಯಾಗುತ್ತಾನೆ. ಓಣಿಯ ನಿಜವಾದ ವೇಗಮಿತಿ ಇಷ್ಟೇ: ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ಗಾಡಿ ನಿಲ್ಲಬೇಕು. ಉಳಿದರ್ಧ ಎದುರಿನವನದು.

ಎದುರಿನವನು ಬಂದೇ ಬರುತ್ತಾನೆ. ಆಗ ಯಾರು ಹಿಂದೆ ಹೋಗಬೇಕು?

ಹೈವೇ ಕೋಡ್ ಅನ್ನುವ ಪುಸ್ತಕದ 155ನೇ ನಿಯಮದಲ್ಲಿ ಇದಕ್ಕೆ ಉತ್ತರವಿದೆ. ಸರಿದು ನಿಲ್ಲುವ ಜಾಗ ನಿಮ್ಮ ಎಡಕ್ಕಿದ್ದರೆ ಅದರೊಳಗೆ ಸರಿಯಿರಿ, ಬಲಕ್ಕಿದ್ದರೆ ಅದರ ಎದುರು ನಿಂತು ಕಾಯಿರಿ. ಏರು ಹತ್ತುವವರಿಗೆ ಆದಷ್ಟೂ ದಾರಿ ಬಿಡಿ. ಬೇಕಾದರೆ ಹಿಂದೆ ಹೋಗಿ. ಏರು ಹತ್ತುವವನಿಗೆ ಮೊದಲ ದಾರಿ ಅನ್ನುವುದು ನಮ್ಮ ಘಾಟಿಗಳಲ್ಲೂ ಇರುವ ನಿಯಮವೇ, ಚಾರ್ಮಾಡಿ ಕಂಡವರಿಗೆ ಹೊಸದಲ್ಲ. ಪುಸ್ತಕ ಹೇಳದೇ ಬಿಟ್ಟ ಭಾಗವನ್ನು ಊರಿನವರು ತುಂಬಿಕೊಂಡಿದ್ದಾರೆ. ಗೇಟು ಯಾರಿಗೆ ಹತ್ತಿರವೋ ಅವರು ಹಿಂದೆ ಹೋಗಬೇಕು. ಟ್ರೇಲರ್ ಎಳೆಯುವವನನ್ನು ಹಿಂದೆ ಕಳಿಸಬಾರದು. ಒಬ್ಬನ ಬೆನ್ನಿಗೆ ಮೂರು ಕಾರಿದ್ದು ಇನ್ನೊಬ್ಬ ಒಂಟಿಯಾಗಿದ್ದರೆ ಒಂಟಿಯವನೇ ಹೋಗಬೇಕು. ಹಾಲಿನ ಟ್ಯಾಂಕರ್ ಬಂದರೆ ಚರ್ಚೆಯೇ ಇಲ್ಲ.

ಹಿಂದೆ ಹೋಗುವುದು ಒಂದು ವಿದ್ಯೆ, ಅದು ಮುಂದೆ ಹೋಗುವಾಗಲೇ ಶುರುವಾಗುತ್ತದೆ. ಹಾದುಹೋದ ಪ್ರತಿ ಹೊಲದ ಗೇಟನ್ನೂ ಲೆಕ್ಕ ಇಟ್ಟುಕೊಳ್ಳಬೇಕು. ಇಲ್ಲಿ ಸರಿದು ನಿಲ್ಲುವ ಜಾಗ ಅಂದರೆ ಬಹುಮಟ್ಟಿಗೆ ಗೇಟಿನ ಮುಂದಿನ ಕೆಸರು. ‘ಕೆಂಪು ಗೇಟು, ಆಮೇಲೆ ಒಂದು ತಿರುವು, ಆಮೇಲೆ ಹಾಲಿನ ಕ್ಯಾನಿಟ್ಟ ಕಲ್ಲು’ ಅಂತ ಮಗ್ಗಿಯ ಹಾಗೆ ಬಾಯಿಪಾಠ ಇರಬೇಕು. ಎದುರಿನ ಬಂಪರು ಕಂಡ ಮೇಲೆ ನೆನಪು ಮಾಡಿಕೊಳ್ಳಲು ಕೂತವನಿಗೆ ಏನೂ ನೆನಪಾಗುವುದಿಲ್ಲ, ಒಲೆಯ ಮೇಲೆ ಹಾಲಿಟ್ಟು ಬಂದದ್ದು ಬಿಟ್ಟರೆ.

ಹಿಂದಿನ ಕ್ಯಾಮೆರಾವನ್ನು ನಂಬಬೇಡಿ. ಅದರ ಕಣ್ಣಿಗೆ ನವೆಂಬರಿನಿಂದ ಮಾರ್ಚಿನವರೆಗೆ ಕೆಸರಿನ ಪೊರೆ, ಮಿಕ್ಕ ತಿಂಗಳು ಧೂಳು. ಸೆನ್ಸರಂತೂ ಇನ್ನೂ ಕೆಲಸಕ್ಕೆ ಬಾರದ್ದು. ಹುಲ್ಲುಕಡ್ಡಿಗೂ ಕರಿಗಲ್ಲಿಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ, ನಾಲ್ಕೂ ದಿಕ್ಕಿನಿಂದ ಒಂದೇ ಸಮನೆ ಕೀಂಯ್ ಅನ್ನುತ್ತದೆ. ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿ. ಸೀಟಿನಲ್ಲಿ ಸೊಂಟ ತಿರುಗಿಸಿ, ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗಿಟ್ಟು, ಹಿಂದಿನ ಗಾಜಿನಲ್ಲಿ ನೇರ ನೋಡಿ. ನಿಮ್ಮ ಬಲಗಡೆಯ ಧರೆಗೆ ಅಂಟಿಕೊಂಡು ಹೋಗಿ. ನೀವು ಕೂತಿರುವುದು ಬಲಕ್ಕೆ, ಕಿಟಕಿ ಇಳಿಸಿ ತಲೆ ಹಾಕಿದರೆ ಆ ಬದಿಯ ಗೇಣು ಕಣ್ಣಿಗೆ ಕಾಣುತ್ತದೆ. ಆ ಬದಿ ಸರಿಯಿದ್ದರೆ ಎಡಬದಿ ತಾನಾಗಿ ಸರಿಯಿರುತ್ತದೆ (ನಿನ್ನೆಯವರೆಗೆ ನಾನೂ ಇದನ್ನು ನಂಬಿದ್ದೆ). ಸ್ಟೀರಿಂಗನ್ನು ಅಂಗುಲದ ಲೆಕ್ಕದಲ್ಲಿ ತಿರುಗಿಸಿ, ಕಾರು ಕೇಳಿಸಿಕೊಳ್ಳುವವರೆಗೆ ಕಾಯಿರಿ. ಗಾಬರಿಯಲ್ಲಿ ಪೂರ್ತಿ ತಿರುಗಿಸಿದರೆ ಹಿಂಭಾಗ ಒಂದು ಧರೆಗೆ, ಮೂತಿ ಇನ್ನೊಂದು ಧರೆಗೆ ನಾಟಿ, ಓಣಿಗೆ ಅಗುಳಿ ಹಾಕಿದ ಹಾಗೆ ಕಾರು ಓರೆಯಾಗಿ ಕೂರುತ್ತದೆ. ಆಮೇಲೆ ಬಾಗಿಲೂ ತೆರೆಯುವುದಿಲ್ಲ. ಗೇಟಿನ ಬಾಯಿ ಸಿಕ್ಕಿದ ಖುಷಿಯಲ್ಲಿ ನಾಲ್ಕೂ ಚಕ್ರ ಕೆಸರಿಗಿಳಿಸಬೇಡಿ. ಎಳೆಯುವ ಚಕ್ರ ಡಾಂಬರಿನ ಮೇಲೇ ಇರಲಿ. ಇಲ್ಲದಿದ್ದರೆ ಎದುರಿನವನು ಕೈಬೀಸಿ ಹೋದ ಮೇಲೂ ನೀವು ಅಲ್ಲೇ ಇರುತ್ತೀರಿ.

ಇಷ್ಟು ಕಲಿತರೂ ಪ್ರಯೋಜನವಿಲ್ಲ, ಯಾಕೆಂದರೆ ಎದುರಿನವನು ಕಲಿತಿರುವುದಿಲ್ಲ. ಬೇಸಿಗೆಯಲ್ಲಿ ಬರುವ ಪ್ರವಾಸಿಗೆ ಡೆವನ್ನಿನಲ್ಲಿ ‘ಗ್ರಾಕಲ್’ ಅನ್ನುತ್ತಾರೆ. ಒಬ್ಬ ಗ್ರಾಕಲ್ ಮಹಾಶಯನನ್ನು ಸ್ವಲ್ಪ ವಿವರವಾಗಿ ನೋಡಬೇಕು. ಎರಡು ಟನ್ ತೂಗುವ, ನಾಲ್ಕೂ ಚಕ್ರಕ್ಕೆ ಬಲವಿರುವ, ಮರುಭೂಮಿ ದಾಟಬಲ್ಲ ಅಂತ ಜಾಹೀರಾತು ಪಡೆದ ಗಾಡಿ ಅವನದು. ಈವರೆಗೆ ಅದು ಏರಿದ ಅತ್ಯಂತ ಕಷ್ಟದ ಜಾಗ ಸೂಪರ್ ಮಾರ್ಕೆಟ್ಟಿನ ಫುಟ್‌ಪಾತು. ಗೇಟು ಅವನ ಬೆನ್ನಿಗೇ ಹದಿನೈದು ಮೀಟರಿನಲ್ಲಿದೆ, ನಿಮ್ಮದು ಇನ್ನೂರು ಮೀಟರು ಹಿಂದೆ, ಎರಡು ತಿರುವಿನಾಚೆ. ಆತ ನಿಮ್ಮನ್ನು ನೋಡುತ್ತಾನೆ. ನೀವು ಆತನನ್ನು ನೋಡುತ್ತೀರಿ. ಆತ ಎರಡೂ ಅಂಗೈ ಮೇಲೆತ್ತಿ, ಭುಜ ಕುಣಿಸಿ, ‘ನೋಡಿ, ನನ್ನ ಹಿಂದೆ ರಸ್ತೆಯೇ ಇಲ್ಲ’ ಎಂಬ ಭಾವ ತೋರಿಸುತ್ತಾನೆ. ಆ ರಸ್ತೆಯಲ್ಲೇ ಈಗಷ್ಟೆ ಬಂದವನು!

ಆಮೇಲೆ ಆತ ಪ್ರಯತ್ನಿಸುತ್ತಾನೆ. ಅದು ಇನ್ನೂ ಕೆಟ್ಟದ್ದು. ಬೆಳಗುವ ಬಿಳಿ ದೀಪ, ಎರಡು ಮೀಟರು ಹಿಂದೆ, ಧರೆಗೆ ಮುತ್ತು. ಎರಡು ಮೀಟರು ಮುಂದೆ. ಮತ್ತೆ ಎರಡು ಮೀಟರು ಹಿಂದೆ, ಅದೇ ಧರೆಗೆ ಅದೇ ಜಾಗದಲ್ಲಿ ಇನ್ನೊಂದು ಮುತ್ತು. ಗಾಡಿಯೊಳಗೆ ಹಿಂದಿನ ಸೀಟಿನ ಮಕ್ಕಳು ತಲೆ ತಗ್ಗಿಸುತ್ತಾರೆ, ಅಪ್ಪನಿಗೆ ಕಾಣಲಿ ಅಂತಲೋ, ಅಪ್ಪ ಕಾಣದಿರಲಿ ಅಂತಲೋ. ಐದನೇ ಸಲಕ್ಕೆ ಹೆಂಡತಿ ಕೆಳಗಿಳಿಯುತ್ತಾಳೆ, ದಾರಿ ತೋರಿಸಲು.

ಇಲ್ಲಿ ನನಗೆ ನಮ್ಮ ಸಾರಿಗೆ ಬಸ್ಸಿನ ಕಂಡಕ್ಟರು ನೆನಪಾಗದೆ ಇರುವುದಿಲ್ಲ. ಬಸ್ಸಿನ ಹಿಂದೆ ನಿಂತು, ತಗಡಿಗೆ ಎರಡು ಬಾರಿ ಬಡಿದು, ‘ಬರ್ಲಿ, ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡಿ, ಬರ್ಲಿ... ಹೋಲ್ಡಾನ್!’ ಆ ಹೋಲ್ಡಾನ್ ಬಂದಾಗ ಬಸ್ಸಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಉಳಿದಿರುತ್ತದೆ. ಅದೊಂದು ವಿಜ್ಞಾನ. ಇಂಗ್ಲಿಷರ ನಾಲಗೆಗೆ ‘ನಿಲ್ಲಿಸು’ ಅಂತ ಒರಟಾಗಿ ಕೂಗಲು ಬರುವುದಿಲ್ಲ, ಹುಟ್ಟಿನಿಂದಲೇ ಸಂಕೋಚ. ‘ಯೂ ಆರ್ ಫೈನ್... ಯೂ ಆರ್ ಫೈನ್... ಯೂ ಆರ್ ಆಬ್ಸಲ್ಯೂಟ್ಲಿ ಫೈನ್... ಓಹ್.’ ಆ ‘ಓಹ್’ ಇದೆಯಲ್ಲ, ಅದು ಎಚ್ಚರಿಕೆಯಲ್ಲ, ವರದಿ. ಅಷ್ಟು ಹೊತ್ತಿಗೆ ಹಿಂದಿನ ದೀಪ ಒಡೆದಾಗಿರುತ್ತದೆ.

ಕೊನೆಗೆ ಇದನ್ನು ಬಗೆಹರಿಸುವುದು ಊರಿನ ಯಾರಾದರೂ ಅಜ್ಜಿ. ಎಂಬತ್ತರ ಆಸುಪಾಸಿನ ಹೆಂಗಸು, ಇಪ್ಪತ್ತು ವರ್ಷದ ಚಿಕ್ಕ ಕಾರು, ನಾಲ್ಕೂ ಮೂಲೆ ಸವೆದು ಸೋಪಿನಂತಾಗಿದೆ, ಹಿಂದೆ ಒಂದು ಒದ್ದೆ ನಾಯಿ. ಆಕೆ ಪರಿಸ್ಥಿತಿಯನ್ನು ಒಂದು ಕ್ಷಣ ನೋಡಿ, ನಿಟ್ಟುಸಿರು ಬಿಟ್ಟು, ಬಂದ ವೇಗದಲ್ಲೇ ಹಿಂದಕ್ಕೆ, ಎರಡು ತಿರುವು, ಒಂದು ಇಳಿಜಾರು, ಒಂದು ಹಸುವಿನ ಸಗಣಿ, ಯಾವುದನ್ನೂ ಮುಟ್ಟದೆ ಮಾಯವಾಗುತ್ತಾಳೆ. ಹಿಂದೆ ನೋಡಿಕೊಂಡು ಓಡಿಸುವುದೇ ಆಕೆಯ ಸಹಜ ಸ್ಥಿತಿ, ಪೇಟೆಗೆ ಹೋದಾಗ ಮಾತ್ರ ಒತ್ತಾಯಕ್ಕೆ ಮುಂದೆ ನೋಡುತ್ತಾಳೆ ಅನ್ನಿಸಬೇಕು, ಹಾಗೆ.

ಹಿಂದೆ ಹೋಗಲಾರದವನಿಗಿಂತ ಅಪಾಯದವನು ಒಬ್ಬನಿದ್ದಾನೆ: ವಿನಯವಂತ. ದೂರದಿಂದಲೇ ಕಂಡು ನೀವು ಹಿಂದೆ ಸರಿಯುತ್ತೀರಿ. ಅವನೂ ಸರಿಯುತ್ತಾನೆ. ನಡುವೆ ಖಾಲಿ ರಸ್ತೆ. ನೀವು ಹೆಡ್‌ಲೈಟು ಮಿಣುಕಿಸುತ್ತೀರಿ, ‘ಬನ್ನಿ’ ಅಂತ. ನಿಯಮದ ಪ್ರಕಾರ ದೀಪ ಮಿಣುಕಿಸಿದರೆ ‘ನಾನಿದ್ದೇನೆ’ ಅಂತ ಮಾತ್ರ ಅರ್ಥ. ಊರಿನ ಪ್ರಕಾರ ‘ನೀವು ಬನ್ನಿ’ ಅಂತ. ನಮ್ಮಲ್ಲಂತೂ ‘ನಾನು ಬರ್ತಿದೀನಿ, ಪಕ್ಕಕ್ಕೆ ಸರಿ’ ಅಂತ. ಆ ಒಂದು ಮಿಣುಕಿಗೆ ಮೂರು ಅರ್ಥ. ಅವನೂ ಮಿಣುಕಿಸುತ್ತಾನೆ. ಇಬ್ಬರೂ ಹೊರಡುತ್ತೀರಿ. ನಡುವೆ ನಿಲ್ಲುತ್ತೀರಿ. ಇಬ್ಬರೂ ನಗುತ್ತ, ತಪ್ಪಾಯಿತೆಂದು ಸನ್ನೆ ಮಾಡುತ್ತ ಮತ್ತೆ ಹಿಂದಕ್ಕೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅನ್ನುವ ನಮ್ಮ ಗೋವಿನ ಹಾಡಿನ ಸಾಲಿಗೆ ಇಂಥದೇ ಓಣಿಯಲ್ಲಿ ಹುಟ್ಟಿದ ಲಕ್ಷಣವಿದೆ.

ದಾರಿ ಬಿಟ್ಟವನಿಗೆ ಕೃತಜ್ಞತೆ ಸಲ್ಲಿಸುವುದು ಕಡ್ಡಾಯ. ಅದಕ್ಕೆ ಮೂರು ದರ್ಜೆ. ಮಾಮೂಲಿ ಉಪಕಾರಕ್ಕೆ ಸ್ಟೀರಿಂಗಿನಿಂದ ತೋರುಬೆರಳು ಒಂದನ್ನೇ ಎತ್ತುವುದು. ಹತ್ತಿಪ್ಪತ್ತು ಮೀಟರು ಹಿಂದೆ ಹೋದವನಿಗೆ ಇಡೀ ಅಂಗೈ. ಏರಿನಲ್ಲಿ, ಮಳೆಯಲ್ಲಿ, ತಿರುವಿನಲ್ಲಿ ಹಿಂದೆ ಹೋದವನಿಗೆ ಅಂಗೈ, ತಲೆಬಾಗು, ನಗು ಮೂರೂ. ಉತ್ಸಾಹದಲ್ಲಿ ಎರಡು ಬೆರಳೆತ್ತಿ ಅಂಗೈಯ ಹಿಂಬದಿಯನ್ನು ಎದುರಿನವನಿಗೆ ತೋರಿಸಿದಿರೋ, ಇಂಗ್ಲೆಂಡಿನಲ್ಲಿ ಅದು ಅಪ್ಪಟ ಬೈಗುಳ. ಏನೂ ಎತ್ತದೆ ಹೋದರೆ ಅದಕ್ಕಿಂತ ದೊಡ್ಡ ಬೈಗುಳ. ಆ ಸುದ್ದಿ ನಿಮಗಿಂತ ಮೊದಲು ಪಬ್ಬು ತಲುಪಿರುತ್ತದೆ. ಪಬ್ಬಿಗೂ ಅದೇ ಓಣಿ, ಸುದ್ದಿಗೆ ಮಾತ್ರ ಯಾರೂ ಎದುರಾಗುವುದಿಲ್ಲ.

ಕುದುರೆ ಸವಾರರು ಬಂದರೆ ಲೆಕ್ಕವೇ ಬೇರೆ. 2022ರ ಜನವರಿಯಿಂದ ಹೈವೇ ಕೋಡ್ ಸ್ಪಷ್ಟವಾಗಿ ಹೇಳುತ್ತದೆ: ಕುದುರೆಯನ್ನು ಗಂಟೆಗೆ ಹತ್ತು ಮೈಲಿಗಿಂತ ಕಡಿಮೆ ವೇಗದಲ್ಲಿ, ಕನಿಷ್ಠ ಎರಡು ಮೀಟರು ದೂರ ಬಿಟ್ಟು ದಾಟಿ. ಎರಡೂವರೆ ಮೀಟರಿನ ಓಣಿ. ಅದರಲ್ಲಿ ಎರಡು ಮೀಟರು ಖಾಲಿ ಬಿಡಬೇಕು. ಉಳಿದ ಅರ್ಧ ಮೀಟರಿನಲ್ಲಿ ಕುದುರೆಯೂ ಕಾರೂ ಹಿಡಿಸಬೇಕು. ಬಿಡಿಸಲಾಗದ ಲೆಕ್ಕ ಎದುರಾದಾಗ ಹಳ್ಳಿಯವರು ಮಾಡುವುದನ್ನೇ ಮಾಡಿ, ಎಂಜಿನ್ ಆರಿಸಿ ಕೂತುಬಿಡಿ. ಕುದುರೆಗೆ ಏನನ್ನಿಸುತ್ತದೋ ಅದೇ ನಿಯಮ.

ಇಷ್ಟೆಲ್ಲ ಜನ ಈ ಓಣಿಗೆ ಬರುವುದಾದರೂ ಯಾಕೆ? ಜಿಪಿಎಸ್ ಕಳಿಸುತ್ತದೆ. ಅದಕ್ಕೆ ದೂರ ಗೊತ್ತು, ಫಲಕದ 60 ಮೈಲಿ ವೇಗ ಗೊತ್ತು, ಎರಡನ್ನೂ ಭಾಗಿಸಿ ‘ಮುಖ್ಯರಸ್ತೆಗಿಂತ ಮೂರು ನಿಮಿಷ ಉಳಿತಾಯ’ ಅನ್ನುತ್ತದೆ. ಮೂರು ನಿಮಿಷದ ಆಸೆಗೆ ಬಂದವರು ಮುಕ್ಕಾಲು ಗಂಟೆ ಧರೆ ನೋಡುತ್ತ ಕೂರುತ್ತಾರೆ. ಕಣಿವೆಗಿಳಿದರೆ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಪೋಸ್ಟ್‌ಕೋಡ್ ಹಾಕಿದರೆ ಮನೆ ಸಿಗುತ್ತದೆ ಅನ್ನುವುದು ಪಟ್ಟಣದ ಮಾತು. ಹಳ್ಳಿಗಾಡಿನಲ್ಲಿ ಒಂದು ಕೋಡಿನೊಳಗೆ ಒಂದು ಮೈಲಿ ಸುತ್ತಳತೆಯ ನಾಲ್ಕಾರು ತೋಟದಮನೆಗಳಿರುತ್ತವೆ, ಬಾಣದ ಗುರುತು ಅವುಗಳ ನಡುವಿನ ಒಂದು ಕುರಿಯ ಮೇಲೆ ಬಂದು ನಿಲ್ಲುತ್ತದೆ. ಮನೆಗೆ ನಂಬರಿಲ್ಲ, ಹೆಸರು ಮಾತ್ರ. ಆ ಹೆಸರನ್ನು ಎರಡಂಗುಲದ ಸ್ಲೇಟಿನ ಮೇಲೆ ಕೆತ್ತಿ, ಅದರ ಮೇಲೆ ಐವಿ ಬಳ್ಳಿ ಹಬ್ಬಿಸಿರುತ್ತಾರೆ. ಮೊದಲ ತಿರುವಿನಲ್ಲಿ ಒಂದು ರೋಸ್ ಕಾಟೇಜ್, ಗುಡ್ಡದಾಚೆ ಇನ್ನೊಂದು.

ದಾರಿ ಕೇಳಿದರೆ ಅಂಗಡಿಯಾಕೆ ‘ಆಲ್‌ರೈಟ್, ಮೈ ಲವರ್?’ ಎಂದು ಮಾತು ಶುರು ಮಾಡುತ್ತಾಳೆ. ಹೊಸಬರು ಗಾಬರಿಯಾಗಬಾರದು, ಡೆವನ್ನಿನಲ್ಲಿ ಅದು ‘ಏನಪ್ಪಾ’ ಎಂದ ಹಾಗೆ, ಅಂಚೆಯವನಿಗೂ ಅದೇ, ಪಾದ್ರಿಗೂ ಅದೇ. ಆಮೇಲೆ ಹೇಳುವ ದಾರಿಯಲ್ಲಿ ‘ಮೊದಲು ಓಕ್ ಮರ ಇತ್ತಲ್ಲ, ಅಲ್ಲಿ ಎಡಕ್ಕೆ’ ಎಂಬ ವಾಕ್ಯ ತಪ್ಪದೆ ಇರುತ್ತದೆ. ಮರ ಬಿದ್ದು ಎಷ್ಟು ವರ್ಷವಾಯಿತೋ.

ಈ ಊರಿಗೆ ದಾರಿ ಕೇಳಿದವರಲ್ಲಿ ಎಲ್ಲರಿಗಿಂತ ಹೆಸರಾದವನು ಸಾಕ್ಷಾತ್ ಸೈತಾನ. 1638ರ ಅಕ್ಟೋಬರ್ 21, ಭಾನುವಾರ, ಮುನ್ನೂರರಷ್ಟು ಜನ ವಿಡಿಕಮ್ಮಿನ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದಾಗ ಸಿಡಿಲು ಬಡಿಯಿತು. ಬೆಂಕಿಯ ಉಂಡೆಯೊಂದು ಒಳಗೆ ಉರುಳಿತು, ನಾಲ್ವರು ಸತ್ತರು, ಅರುವತ್ತರಷ್ಟು ಮಂದಿಗೆ ಗಾಯವಾಯಿತು. ಇದು ಇತಿಹಾಸ, ಗೋಪುರದ ಕೆಳಗೆ ಹಲಗೆಯ ಮೇಲೆ ಪದ್ಯವಾಗಿ ಬರೆದಿಟ್ಟಿದ್ದಾರೆ. ಜನ ಹೇಳುವ ಕಥೆ ಇದು: ಆ ದಿನ ಪಕ್ಕದ ಪೌಂಡ್ಸ್‌ಗೇಟಿನ ಪಬ್ಬಿನ ಮುಂದೆ ಕಪ್ಪು ಕುದುರೆಯ ಮೇಲೆ ಒಬ್ಬ ಬಂದು ನಿಂತ, ಬಿಯರ್ ಕೇಳಿದ, ವಿಡಿಕಮ್ಮಿಗೆ ಯಾವ ದಾರಿ ಅಂದ. ಬಿಯರು ಅವನ ಗಂಟಲಿಗಿಳಿಯುವಾಗ ಕಾದ ಹೆಂಚಿಗೆ ನೀರು ಬಿದ್ದಂತೆ ಚುಂಯ್ ಅಂದಿತಂತೆ. ಕೊಟ್ಟ ಹೊನ್ನು ಅವನು ಹೋದ ಮೇಲೆ ಒಣಗಿದ ಎಲೆಯಾಯಿತಂತೆ. ಎಲೆಯಾದದ್ದು ಹಾಗಿರಲಿ. ನರಕದಿಂದ ಭೂಮಿಯವರೆಗೆ ತಪ್ಪದೆ ಬಂದವನು ಕೊನೆಯ ನಾಲ್ಕು ಮೈಲಿಗೆ ದಾರಿ ಕೇಳಬೇಕಾಯಿತಲ್ಲ, ಡೆವನ್ನಿನ ಓಣಿಯ ಬಗ್ಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ. 1940ರಲ್ಲಿ ಜರ್ಮನ್ನರು ಇಳಿದರೆ ದಾರಿ ತಪ್ಪಲಿ ಅಂತ ದೇಶದ ಕೈಕಂಬಗಳನ್ನೆಲ್ಲ ಸರ್ಕಾರ ಕಿತ್ತು ಹಾಕಿಸಿತ್ತು. ಇಲ್ಲಿ ಆ ಶ್ರಮ ಬೇಕಿರಲಿಲ್ಲ. ಎದುರಿನಿಂದ ಒಂದು ಹುಲ್ಲಿನ ಟ್ರೇಲರು ಬಿಟ್ಟಿದ್ದರೆ ಸಾಕಿತ್ತು.

ಓಣಿಯ ಅಗಲವೇ ಅಡುಗೆಮನೆಯ ತಾಪವನ್ನೂ ನಿರ್ಧರಿಸುತ್ತದೆ. ಇಂಥ ಹಳ್ಳಿಗೆ ಗ್ಯಾಸಿನ ಕೊಳವೆ ಬಂದಿಲ್ಲ. ಬಹಳ ಮನೆಗಳಲ್ಲಿ ಹಿತ್ತಲಿಗೊಂದು ಸಾವಿರ ಲೀಟರಿನ ಆಸುಪಾಸಿನ ಹಸಿರು ಪ್ಲಾಸ್ಟಿಕ್ ಟ್ಯಾಂಕು, ಅದರಲ್ಲಿ ಸೀಮೆಎಣ್ಣೆ, ಅದರಿಂದ ಮನೆ ಬೆಚ್ಚಗಿಡುವ ಬಾಯ್ಲರು. ಎಣ್ಣೆಯನ್ನು ಸಾಮಾನ್ಯವಾಗಿ ಐನೂರು ಲೀಟರಿಗೆ ಕಡಿಮೆ ತಂದು ಹಾಕುವುದಿಲ್ಲ. ಆರ್ಡರ್ ಮಾಡುವಾಗ ‘ಚಿಕ್ಕ ಟ್ಯಾಂಕರ್ ಬೇಕು’ ಎಂದು ಒತ್ತಿ ಹೇಳಬೇಕು. ಮರೆತರೆ ದೊಡ್ಡದು ಬರುತ್ತದೆ, ಓಣಿಯ ಬಾಯಿ ನೋಡುತ್ತದೆ, ಹೊರಟುಹೋಗುತ್ತದೆ. ಮುಂದಿನ ಸರದಿ ಹತ್ತು ದಿನಕ್ಕೆ. ಅಷ್ಟರಲ್ಲಿ ಟ್ಯಾಂಕು ಬರಿದಾದರೆ ತಳದ ಗಸಿ ಫಿಲ್ಟರಿಗೆ ಸಿಕ್ಕುತ್ತದೆ, ಕೊಳವೆಯಲ್ಲಿ ಗಾಳಿ ಸೇರುತ್ತದೆ. ಎಣ್ಣೆ ಬಂದ ಮೇಲೂ ಬಾಯ್ಲರು ಹೊತ್ತುವುದಿಲ್ಲ. ಫಿಲ್ಟರು ಬದಲಿಸಿ, ಬರ್ನರಿನ ಪಂಪಿನ ಗಾಳಿತಿರುಪನ್ನು ಅಲೆನ್ ಕೀಲಿಯಿಂದ ಸಡಿಲಿಸಿ, ಕೆಳಗೊಂದು ಜಾಮಿನ ಬಾಟಲಿ ಹಿಡಿದು, ಗುಳ್ಳೆ ನಿಂತು ಎಣ್ಣೆ ಒಂದೇ ಎಳೆಯಾಗಿ ಬರುವವರೆಗೆ ಬಿಡಬೇಕು. ಬಾಯ್ಲರನ್ನು ಮತ್ತೆ ಹೊತ್ತಿಸುವ ಕೆಂಪು ಗುಂಡಿಯನ್ನು ಒಂದೆರಡು ಸಲಕ್ಕಿಂತ ಹೆಚ್ಚು ಒತ್ತಬಾರದು, ಉರಿಯದ ಎಣ್ಣೆ ಒಳಗೆ ಕೂತು ಆಮೇಲೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಮೂರು ದಿನ ಚಪಾತಿಗೆ ಸೀಮೆಎಣ್ಣೆಯ ವಾಸನೆ. ನ್ಯಾಯಬೆಲೆ ಅಂಗಡಿಯ ಕ್ಯೂ ನೆನಪಾಗಿ ಕಣ್ಣು ತುಂಬಿ ಬಂದರೆ ಅದೂ ವಾಸನೆಗೇ.

ಪಬ್ಬಿನ ಅಡುಗೆಮನೆ ಎರಡು ಗಂಟೆಗೆ ಮುಚ್ಚುತ್ತದೆ. ಎರಡು ಅಂದರೆ ಎರಡು. ಓಣಿಯಲ್ಲಿ ಗ್ರಾಕಲ್ ಸಿಕ್ಕಿದ ದಿನ ನೀವು ತಲುಪುವುದು ಎರಡೂ ಐದಕ್ಕೆ. ಒಲೆ ಇನ್ನೂ ಬಿಸಿ ಇರುತ್ತದೆ, ಪಕ್ಕದ ಮೇಜಿನಲ್ಲಿ ಹೊಗೆಯಾಡುವ ಪೈ ಇರುತ್ತದೆ. ‘ಸಾರಿ, ಕಿಚನ್ ಕ್ಲೋಸ್ ಆಯಿತು, ಕ್ರಿಸ್ಪ್ಸ್ ಬೇಕಾ?’ ಮತ್ತೆ ತೆರೆಯುವುದು ಆರಕ್ಕೆ. ನಮ್ಮಲ್ಲಾದರೆ ಎಂಥ ದರ್ಶಿನಿಯವನೂ ‘ಊಟ ಖಾಲಿ ಸಾರ್, ಪುಳಿಯೋಗರೆ ಕೊಡ್ಲಾ’ ಅಂತಾನೆ. ಇದರ ಬಗ್ಗೆ ಇಷ್ಟೇ ಸಾಕು, ಹೆಚ್ಚು ಬರೆದರೆ ಹಸಿವಾಗುತ್ತದೆ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಯಾರಿಗೋ ದಾರಿ ಬಿಟ್ಟು ಗೇಟಿನ ಬಾಯಲ್ಲಿ ಎಂಜಿನ್ ಆರಿಸಿ ಕೂತಾಗ, ಅವರು ಬರುವವರೆಗಿನ ಎರಡು ನಿಮಿಷ ಬೇರೆಯೇ ಆಗಿರುತ್ತದೆ. ಏಪ್ರಿಲಿನಲ್ಲಿ ಧರೆಯ ತುಂಬ ಪ್ರಿಮ್‌ರೋಸ್, ಬೆಣ್ಣೆಯ ಬಣ್ಣದವು. ಮೇನಲ್ಲಿ ಕಾಡುಬೆಳ್ಳುಳ್ಳಿಯ ಘಾಟು, ಜೂನಿನಲ್ಲಿ ಆಳೆತ್ತರದ ಫಾಕ್ಸ್‌ಗ್ಲೋವ್, ಅದರ ಗಂಟೆಯಂಥ ಒಂದೊಂದು ಹೂವಿನೊಳಗೂ ಒಂದೊಂದು ದುಂಬಿ ಗುಂಯ್‌ಗುಡುತ್ತಿರುತ್ತದೆ. ಮುಸ್ಸಂಜೆಗೆ ಇಲ್ಲಿಯವರ ಮಾತು ‘ಡಿಂಪ್ಸಿ’. ಆ ಹೊತ್ತಿಗೆ ಹುಲ್ಲಿನ ಮರೆಯ ಕಲ್ಲು ಸ್ವಲ್ಪ ಕಾಣುತ್ತದೆ. ಯಾವನೋ ಒಬ್ಬ, ಹೆಸರಿಲ್ಲದವನು, ಒಂದರ ಮೇಲೊಂದು ಸಂದು ನೋಡಿ ಕೂರಿಸಿದ ಕಲ್ಲು. ಗಾರೆ ಇಲ್ಲ. ಶತಮಾನಗಳಿಂದ ಮಳೆ ಸುರಿದಿದೆ, ಬೇರು ಒತ್ತಿದೆ, ಕಾರುಗಳು ಗುದ್ದಿವೆ, ಅವನ ಕಲ್ಲು ಕದಲಿಲ್ಲ. ಊರಲ್ಲಿ ಅಜ್ಜನ ಮನೆಗೆ ಹೋಗುವ ಓಣಿ ಇತ್ತಲ್ಲ, ಎರಡೂ ಕೈ ಚಾಚಿದರೆ ಎರಡೂ ಧರೆಗೆ ಬೆರಳು ತಾಗುತ್ತಿದ್ದದ್ದು, ಅದನ್ನು ಜೆಸಿಬಿ ತಂದು ಅರ್ಧ ದಿನದಲ್ಲಿ ಅಗಲ ಮಾಡಿದರು. ಈಗ ಅಲ್ಲಿ ಟಿಪ್ಪರು ಸಲೀಸಾಗಿ ಹೋಗುತ್ತದೆ. ಒಳ್ಳೆಯದೇ ಆಯಿತು ಅನ್ನುತ್ತಾರೆ. ಹೌದೇನೋ.

ಎದುರಿನ ಹೆಡ್‌ಲೈಟು ಕಣ್ಣಿಗೆ ರಾಚುತ್ತದೆ, ಕಲ್ಲು ಮತ್ತೆ ಬರೀ ಧರೆಯಾಗುತ್ತದೆ.

ಗಿಡ ಸವರಿಸಿದರೆ ಒಂದು ಗೇಣು ಜಾಗವಾದರೂ ಬರುತ್ತದಲ್ಲ ಅಂತ ಕೇಳುವವರಿಗೆ: ಹಕ್ಕಿ ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಹೊಲದ ಬೇಲಿ ಕತ್ತರಿಸುವಂತಿಲ್ಲ. ರಸ್ತೆಗೆ ಅಡ್ಡಬಂದು ಅಪಾಯವಾದರೆ ವಿನಾಯಿತಿಯಿದೆ. ಓಣಿಯಲ್ಲಿ ಅಪಾಯ ಅಂದರೆ ಏನು ಅನ್ನುವುದರ ಬಗ್ಗೆ ಎರಡು ಅಭಿಪ್ರಾಯಗಳಿವೆ, ಕನ್ನಡಿ ಇರುವವರದು ಒಂದು, ಇಲ್ಲದವರದು ಒಂದು. ಸೆಪ್ಟೆಂಬರ್ ಬರುತ್ತಲೇ ಟ್ರ್ಯಾಕ್ಟರಿಗೆ ಸವರುಯಂತ್ರ ಕಟ್ಟಿ ರೊಯ್ಯನೆ ಹೊರಡುತ್ತಾರೆ. ಓಣಿ ಅಗಲವಾಗುತ್ತದೆ, ತುಂಡಾದ ಬ್ಲ್ಯಾಕ್‌ಥಾರ್ನ್ ಮುಳ್ಳು ಡಾಂಬರಿನ ಮೇಲೆ ಹಾಸುತ್ತದೆ, ಟೈರು ಪಂಕ್ಚರ್. ಹೊಸ ಕಾರುಗಳಿಗೆ ಸ್ಟೆಪ್ನಿಯಿಲ್ಲ, ಬದಲಿಗೆ ಒಂದು ಡಬ್ಬಿ ನೊರೆ ಕೊಟ್ಟಿರುತ್ತಾರೆ. ಅದೇ ತಿಂಗಳ ಎರಡನೇ ಮಂಗಳವಾರ ವಿಡಿಕಮ್ಮಿನ ಜಾತ್ರೆ. ಇಡೀ ಕೌಂಟಿಯ ಕಾರು ಆ ದಿನ ಆ ಮುಳ್ಳಿನ ಮೇಲೇ ಬರುತ್ತದೆ.

ಕನ್ನಡಿಗೆ ಬರೋಣ. ಕವಚ ಉಳಿದು ಗಾಜು ಮಾತ್ರ ಹೋಗಿದ್ದರೆ ಬದುಕಿದಿರಿ. ಉಳಿದ ಚೂರಿಗೆ ಟೇಪು ಅಂಟಿಸಿ, ಕೈಗವಸು ಹಾಕಿ, ಅಂಚಿನಿಂದ ಪ್ಲಾಸ್ಟಿಕ್ ಚಮಚದ ಹಿಡಿ ತೂರಿಸಿ ಮೀಟಿದರೆ ಹಳೆಯದು ಬಿಟ್ಟು ಬರುತ್ತದೆ. ಇಬ್ಬನಿ ಆರಿಸುವ ಬಿಸಿಗನ್ನಡಿಯಾದರೆ ಹಿಂದೆ ಎರಡು ವೈರು, ಅವನ್ನು ಎಳೆದು ಕೀಳದೆ ಮೂತಿ ಹಿಡಿದು ಬಿಡಿಸಿ. ಹೊಸದನ್ನು ನಡುಮಧ್ಯಕ್ಕೆ ಒತ್ತಿ, ಟಕ್ ಅನ್ನಬೇಕು. ಅಂಚಿಗೆ ಒತ್ತಿದರೆ ಅದೂ ಒಡೆಯುತ್ತದೆ. ಹಾಗಾಗಿ ತರಿಸುವಾ‍ಗಲೇ ಎರಡು ತರಿಸಿ. ಅಂದ ಹಾಗೆ, ಒಳಗಿನ ಕನ್ನಡಿಯೂ ಬಲಗನ್ನಡಿಯೂ ನೆಟ್ಟಗಿದ್ದರೆ ಎಡದ್ದು ಇಲ್ಲದೆಯೂ ವಾರ್ಷಿಕ ತಪಾಸಣೆಯಲ್ಲಿ ಕಾರು ಪಾಸಾಗುತ್ತದೆ. ಆ ನಿಯಮ ಬರೆದವನು ಡೆವನ್ನಿನವನೇ ಇರಬೇಕು.

ಗಾಜು ನಾಳೆ ಬರುತ್ತದಂತೆ, ಹತ್ತರಿಂದ ಹನ್ನೆರಡರೊಳಗೆ. ತರುವ ವ್ಯಾನಿಗೂ ಇದೇ ಓಣಿ, ಇದೇ ಜಿಪಿಎಸ್, ಅದೇ ಕುರಿ. ಸಂಜೆಗೆ ಫೋನಿಗೊಂದು ಫೋಟೋ ಬರುತ್ತದೆ, ‘ಸುರಕ್ಷಿತ ಜಾಗದಲ್ಲಿ ಇಟ್ಟಿದ್ದೇವೆ’ ಅಂತ. ಫೋಟೋದಲ್ಲಿ ಚಂದದ ಹಸಿರು ಬಾಗಿಲು, ಅದರ ಮುಂದೆ ಪೊಟ್ಟಣ. ಬಾಗಿಲಿನ ಬಣ್ಣ ಹಸಿರಾದರೆ ಅದು ಗುಡ್ಡದಾಚೆಯ ರೋಸ್ ಕಾಟೇಜ್. ಹೋಗಿ ತರಬೇಕು, ಎಡಗನ್ನಡಿ ಇಲ್ಲದೆ.